ಅರಸರ ಕುರುಗೋಡು, ಬಸವನ ಕುರುಗೋಡು

ಬಳ್ಳಾರಿಯಿಂದ ಉತ್ತರಕ್ಕೆ, ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು 28 ಕಿಲೋಮೀಟರು ಸಾಗಿದರೆ, ಎರೆಭೂಮಿಯ ಬಯಲಿನ ನಡುವೆ ಯಾರೋ ಬಂಡೆಗಳನ್ನು ಹೊತ್ತು ತಂದು ಒಟ್ಟಿದ ಹಾಗೆ ಗುಡ್ಡಗಳ ಸಾಲೊಂದು ಎದುರಾಗುತ್ತದೆ. ಆ ಗುಡ್ಡಗಳ ಬುಡದಲ್ಲಿರುವ ಊರು ಕುರುಗೋಡು. ಊರಿನ ಹೆಸರಿನಲ್ಲೇ ಗುಡ್ಡವಿದೆ. ಕೋಡು ಎಂದರೆ ಶಿಖರ. ಕುಱು ಎಂದರೆ ಕಿರಿದು, ಗಿಡ್ಡ. ಮಳೆ, ಕಾಲ ಎಂಬ ಎರಡು ಪದಗಳು ಕೂಡಿ ಮಳೆಗಾಲವಾಗುವಂತೆ ಕುಱು, ಕೋಡು ಎಂಬವು ಕೂಡಿ ಕುರುಗೋಡು ಆಗಿದೆ ಎಂದು ನಾನು ತಿಳಿಯುತ್ತೇನೆ. ಕುರು ಎಂದೊಡನೆ ಕೌರವರನ್ನು ಎಳೆದು ತರುವ ಚಪಲ ನಮ್ಮಲ್ಲಿ ಕೆಲವರಿಗುಂಟು. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಊರ ಹಿಂದಿನ ಗುಡ್ಡವೇ ಸಾಕ್ಷಿ ಹೇಳುತ್ತದೆ.

ಓದುಗರೆ, ನಿಮ್ಮಲ್ಲಿ ಅನೇಕರು ಈ ಊರನ್ನು ಕಂಡವರೇ. ಬಳ್ಳಾರಿ, ಸಿರುಗುಪ್ಪ, ಕಂಪ್ಲಿಗಳ ಮನೆಮನೆಗಳಲ್ಲಿ ದೊಡ್ಡ ಬಸವೇಶ್ವರನಿಗೆ ಹರಕೆ ಹೊತ್ತವರಿದ್ದಾರೆ. ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಸುಮಾರಿಗೆ ನಡೆಯುವ ರಥೋತ್ಸವಕ್ಕೆ ಮೊದಲು ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ಈಗ ಟ್ರ್ಯಾಕ್ಟರಿನಲ್ಲೂ ಬಸ್ಸಿನಲ್ಲೂ ಬರುತ್ತಾರೆ. ತೇರು ಎಳೆಯುತ್ತಾರೆ, ಉತ್ತತ್ತಿ ಬಾಳೆಹಣ್ಣು ಎಸೆಯುತ್ತಾರೆ, ಮಂಡಾಳು ಮಿರ್ಚಿ ಕೊಂಡು ತಿಂದು, ಮಕ್ಕಳಿಗೆ ಪೀಪಿ ಕೊಡಿಸಿ, ರಾತ್ರಿಯೊಳಗೆ ಮನೆ ಸೇರುತ್ತಾರೆ. ಇದರಲ್ಲಿ ಕುಂದೇನೂ ಇಲ್ಲ. ಆದರೆ ಹೀಗೆ ಬಂದು ಹೋಗುವವರು ನೋಡುವುದು ಕುರುಗೋಡಿನ ಅರ್ಧವನ್ನು ಮಾತ್ರ. ಗುಡ್ಡದ ಬಳಿಯಲ್ಲೇ ಹಳೆಯ ಕುರುಗೋಡು ಎಂಬ ಇನ್ನೊಂದು ಊರಿದೆ. ಅಲ್ಲಿ ಗೋಪುರವಿಲ್ಲ, ಗದ್ದಲವಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲಿನ ಶಿಖರಗಳ ಗುಡಿಗಳು, ಅಲ್ಲಲ್ಲಿ ನಿಂತ ಮತ್ತು ಒರಗಿದ ಶಾಸನದ ಕಲ್ಲುಗಳು ಇವೆ. ಎಂಟು ನೂರು ವರ್ಷಗಳ ಹಿಂದೆ ರಾಜಧಾನಿಯಾಗಿದ್ದ ಊರು ಅದು. ಅರಸರು ದತ್ತಿ ಬಿಟ್ಟ ಗುಡಿಗಳಲ್ಲಿ ದೀಪ ಆರಿತು. ಬಸವನ ಮುಂದಿನ ದೀಪ ಆರಲಿಲ್ಲ. ಹೀಗೇಕಾಯಿತು ಎಂಬುದನ್ನು ಈ ಬರಹದಲ್ಲಿ ನಿಮ್ಮೊಂದಿಗೆ ಯೋಚಿಸಬೇಕೆಂದಿದ್ದೇನೆ.

ಮೊದಲು ನಿಮಗೆ ಪರಿಚಿತವಾದ ಬಸವನಿಂದಲೇ ತೊಡಗೋಣ. ಸಾಮಾನ್ಯವಾಗಿ ಶಿವಾಲಯದಲ್ಲಿ ನಂದಿಯ ಸ್ಥಾನ ಲಿಂಗದ ಎದುರು. ಅದು ವಾಹನ, ಸೇವಕ, ಬಾಗಿಲ ಕಾವಲಿನವನು. ಕೊಂಬುಗಳ ನಡುವಿನಿಂದ ಲಿಂಗವನ್ನು ನೋಡಿ ಕೈಮುಗಿಯುವುದು ನಮ್ಮ ರೂಢಿ. ಕುರುಗೋಡಿನಲ್ಲಿ ಹಾಗಲ್ಲ. ಇಲ್ಲಿ ಗರ್ಭಗುಡಿಯಲ್ಲಿ ಕುಳಿತವನೇ ಬಸವ. ಪೂಜೆಯೂ ಅವನಿಗೆ, ತೇರೂ ಅವನದು. ಒಂದೇ ಬಂಡೆಯಲ್ಲಿ ಕಡೆದ ಈ ಮೂರ್ತಿ ಸುಮಾರು 12 ಅಡಿ ಎತ್ತರವಿದೆ. ತಲೆಯೆತ್ತಿ ನೋಡಬೇಕಾದ ಎತ್ತರ. ಇಷ್ಟು ದೊಡ್ಡ ಮೂರ್ತಿಯನ್ನು ಕಟ್ಟಿದ ಗುಡಿಯ ಬಾಗಿಲಿನಿಂದ ಒಳಗೆ ತರುವುದು ಆಗದ ಕೆಲಸ. ಮೊದಲು ಬಸವ, ಆಮೇಲೆ ಅವನ ಸುತ್ತ ಗುಡಿ.

ಎತ್ತರದಲ್ಲಿ ಇದಕ್ಕಿಂತ ದೊಡ್ಡ ನಂದಿಗಳು ದಕ್ಷಿಣದಲ್ಲಿ ಇಲ್ಲವೆಂದಲ್ಲ. ಲೇಪಾಕ್ಷಿಯ ನಂದಿ 15 ಅಡಿ ಎತ್ತರ, 27 ಅಡಿ ಉದ್ದ. ವಿಜಯನಗರದ ಕಾಲದ್ದು, ಬಯಲಿನಲ್ಲಿ ಒಂಟಿಯಾಗಿ ಕುಳಿತಿದೆ. ಚಾಮುಂಡಿ ಬೆಟ್ಟದ ನಂದಿಯನ್ನು 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಡೆಯಿಸಿದರು. ಮೈಸೂರಿಗೆ ಹೋದವರೆಲ್ಲ ಅದನ್ನು ಕಂಡು ಬರುತ್ತಾರೆ. ಹಂಪೆಯ ಬಜಾರಿನ ತುದಿಯಲ್ಲಿರುವ ಎದುರು ಬಸವಣ್ಣನಂತೂ ನಮ್ಮ ನೆರೆಯವನು. ಆದರೆ ಇವರೆಲ್ಲ ಮತ್ತೊಬ್ಬ ದೇವರ ಹೊರಗಿನವರು. ಕುರುಗೋಡಿನ ಬಸವನಿಗೆ ನಿಜವಾಗಿ ಒಡಹುಟ್ಟು ಎನ್ನತಕ್ಕದ್ದು ಬೆಂಗಳೂರಿನ ಬಸವನಗುಡಿಯ ಬಸವ. ಅಲ್ಲಿಯೂ ಬಸವನೇ ಮೂಲದೇವರು. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ರೈತ ತನ್ನ ಹೊಲದ ಮೊದಲ ಕಾಯಿಯನ್ನು ಬಸವನಿಗೆ ಒಪ್ಪಿಸುತ್ತಾನೆ. ಆ ಬಸವ ಬೆಳೆಯುತ್ತಲೇ ಇದ್ದನೆಂದೂ, ತಲೆಯ ಮೇಲೆ ಕಬ್ಬಿಣದ ತ್ರಿಶೂಲ ನೆಟ್ಟ ಮೇಲೆ ಬೆಳೆಯುವುದು ನಿಂತಿತೆಂದೂ ಜನ ಹೇಳುತ್ತಾರೆ. ದೊಡ್ಡ ಮೂರ್ತಿಯನ್ನು ಕಂಡಾಗ ‘ಯಾರು ಕೆತ್ತಿದರು’ ಎಂದು ಕೇಳದೆ ‘ಹೇಗೆ ಬೆಳೆಯಿತು’ ಎಂದು ಕೇಳುವ ಮನಸ್ಸು ಒಕ್ಕಲಿನವನ ಮನಸ್ಸು. ಅವನ ಕೊಟ್ಟಿಗೆಯ ಹೋರಿ ಬೆಳೆಯುತ್ತದೆಯಲ್ಲವೆ?

ಬಸವ ಎಂಬ ಮಾತೇ ಈ ಮನಸ್ಸಿನ ಚರಿತ್ರೆಯನ್ನು ಹೇಳುತ್ತದೆ. ವೃಷಭ ಎಂಬ ಸಂಸ್ಕೃತ ಶಬ್ದ ಕನ್ನಡದ ಬಾಯಲ್ಲಿ ತದ್ಭವವಾಗಿ ಬಸವ ಆಯಿತು. ಹೊಲದ ಎತ್ತಿಗೂ ಬಸವ, ದೇವರಿಗೂ ಬಸವ, ಮಗನಿಗೂ ಬಸವ. ಹನ್ನೆರಡನೆಯ ಶತಮಾನದಲ್ಲಿ ಆ ಹೆಸರನ್ನು ಹೊತ್ತವರೊಬ್ಬರು ಕಲ್ಯಾಣದಲ್ಲಿ ನಿಂತು ಮನುಷ್ಯ ಮನುಷ್ಯನನ್ನು ನೋಡುವ ಬಗೆಯನ್ನೇ ತಿದ್ದಲು ಹೊರಟರು. ಅವರ ನಂತರ, ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಆಧರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ, ಬಸವಣ್ಣನವರು ನಂದಿಯ ಅವತಾರವೆಂಬ ಮಾತನ್ನು ಮನೆಮನೆಗೂ ಮುಟ್ಟಿಸಿತು. ಅಲ್ಲಿಂದ ಮುಂದೆ ನಂದಿಯ ಗುಡಿಗೆ ಹೋಗುವವನು ವಾಹನದ ಗುಡಿಗೆ ಹೋಗುವುದಿಲ್ಲ. ಶರಣರ ನೆನಪಿಗೂ ಕೈಮುಗಿಯುತ್ತಾನೆ. ಕುರುಗೋಡಿನಲ್ಲಿ ನೀಲಮ್ಮನ ಮಠವೆಂಬ ಒಂದು ಮಠವೂ ಇದೆ. ಬಸವ, ನೀಲಮ್ಮ ಎಂಬ ಎರಡು ಹೆಸರುಗಳೂ ಒಂದೇ ಊರಿನಲ್ಲಿ ಪೂಜೆಗೊಳ್ಳುವುದನ್ನು ಕಂಡಾಗ ಕಲ್ಯಾಣ ಎಷ್ಟು ದೂರ ನಡೆದು ಬಂದಿದೆ ಎನ್ನಿಸದಿರದು.

ಇನ್ನು ಹಳೆಯ ಕುರುಗೋಡಿಗೆ ಬನ್ನಿ. ಇಲ್ಲಿ ಆಳಿದವರು ಸಿಂದ ವಂಶದವರು. ಸಿಂದರು ಒಂದೇ ಮನೆಯವರಲ್ಲ. ಯಲಬುರ್ಗಿಯಲ್ಲಿ ಒಂದು ಶಾಖೆ, ಬೆಳಗುತ್ತಿಯಲ್ಲಿ ಒಂದು, ಬಾಗಲಕೋಟೆಯ ಕಡೆ ಒಂದು, ಹೀಗೆ ಕನ್ನಡ ನಾಡಿನ ಉದ್ದಗಲದಲ್ಲಿ ಹರಡಿದ್ದರು. ತಾವು ನಾಗವಂಶದವರೆಂದು ಹೇಳಿಕೊಳ್ಳುತ್ತಿದ್ದರು. ತಮ್ಮ ಮೂಲಪುರುಷ ಹುಲಿಯ ಹಾಲು ಕುಡಿದು ಬೆಳೆದವನೆಂಬ ಕಥೆಯೂ ಅವರ ಶಾಸನಗಳಲ್ಲಿ ಬರುತ್ತದೆ. ಸಣ್ಣ ಅರಸುಮನೆಗಳು ದೊಡ್ಡ ಕಥೆಗಳನ್ನು ಹೇಳಿಕೊಳ್ಳುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಇಂದಿನ ಬಳ್ಳಾರಿ, ಆದವಾನಿಗಳ ಸೀಮೆಗೆ ಅಂದು ಸಿಂದವಾಡಿ ಎಂಬ ಹೆಸರಿತ್ತು. ಕುರುಗೋಡಿನ ಹತ್ತಿರ ಸಿಂದಿಗೇರಿ ಎಂಬ ಹಳ್ಳಿಯಿದೆ. ಅದನ್ನೂ ಸಿಂದರಿಗೆ ಜೋಡಿಸಬೇಕೆಂದು ಮನಸ್ಸು ತುಡಿಯುತ್ತದೆ. ಆದರೆ ಸಿಂದಿ ಎಂದರೆ ಈಚಲು. ಹಳ್ಳದ ದಂಡೆಯ ಈಚಲ ಗಿಡಗಳಿಂದ ಬಂದ ಹೆಸರಿಗೆ ಕಿರೀಟ ತೊಡಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಕುರುಗೋಡಿನ ಸಿಂದರ ಕೈಯಲ್ಲಿದ್ದದ್ದು ಬಲ್ಲಕುಂದೆ ಎಂಬ ನಾಡು. ಮುನ್ನೂರು ಎಂಬ ಸಂಖ್ಯೆ ಅದಕ್ಕೆ ಅಂಟಿಕೊಂಡಿದೆ: ಬಲ್ಲಕುಂದೆ ಮುನ್ನೂರು. ಆ ಹೆಸರನ್ನು ಸಿರುಗುಪ್ಪ ತಾಲ್ಲೂಕಿನ ಬಲಕುಂದಿ ಎಂಬ ಹಳ್ಳಿ ಇಂದಿಗೂ ಹೊತ್ತಿದೆ. ಬಿತ್ತನೆಯ ಬೀಜ ತರಲು ಸಿರುಗುಪ್ಪಕ್ಕೆ ಬರುವ ಆ ಹಳ್ಳಿಯ ರೈತನಿಗೆ ತನ್ನ ಊರು ಒಂದು ಕಾಲಕ್ಕೆ ನಾಡಿಗೇ ಹೆಸರಾಗಿತ್ತೆಂದು ಯಾರಾದರೂ ಹೇಳಿದ್ದಾರೆಯೆ? ಈ ಅರಸರಲ್ಲಿ ರಾಚಮಲ್ಲ ಎಂಬ ಹೆಸರಿನವರು ಇಬ್ಬರು. ಅವರ ನಡುವೆ ಇರುಂಗೋಳ. ಇವರು ಸ್ವತಂತ್ರ ಚಕ್ರವರ್ತಿಗಳಲ್ಲ, ಮಹಾಮಂಡಲೇಶ್ವರರು. ಎಂದರೆ ಮೇಲೆ ಕಲ್ಯಾಣದ ಸಿಂಹಾಸನ, ಕೆಳಗೆ ತಮ್ಮ ನಾಡು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದ ಆ ಸಿಂಹಾಸನವೇ ಅಲುಗಾಡುತ್ತಿತ್ತು. ಕಳಚುರ್ಯ ಬಿಜ್ಜಳ ಅದನ್ನು ಚಾಲುಕ್ಯರಿಂದ ಕಸಿದುಕೊಂಡ. 1184ರ ಸುಮಾರಿಗೆ ನಾಲ್ವಡಿ ಸೋಮೇಶ್ವರ ಅದನ್ನು ಮರಳಿ ಪಡೆದ. ಐದಾರು ವರ್ಷಗಳಲ್ಲಿ ಮತ್ತೆ ಕಳೆದುಕೊಂಡ. ಮೇಲಿನ ಒಡೆಯ ಯಾರೆಂದು ವರ್ಷ ವರ್ಷಕ್ಕೂ ಕೇಳಬೇಕಾದ ಕಾಲದಲ್ಲಿ ಒಂದು ಸಣ್ಣ ರಾಜಧಾನಿಯವರು ಗುಡಿ ಕಟ್ಟಿದರು, ದತ್ತಿ ಬಿಟ್ಟರು, ಕಲ್ಲಿನ ಮೇಲೆ ಬರೆಯಿಸಿದರು. ಅದನ್ನು ಸಣ್ಣ ಮಾತೆಂದು ತಿಳಿಯಬಾರದು.

ಗುಡಿಗಳ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಬಾಗಳಿ, ಕುರುವತ್ತಿ, ಹೂವಿನಹಡಗಲಿಗಳ ಚಾಲುಕ್ಯ ಗುಡಿಗಳನ್ನು ಕಂಡವರಿಗೆ ಕುರುಗೋಡಿನವು ಬಡವರ ಮನೆಯ ಹಾಗೆ ತೋರಬಹುದು. ಅಲ್ಲಿಯ ಶಿಲ್ಪಿಗೆ ಸಿಕ್ಕಿದ್ದು ಬೆಣ್ಣೆಯಂತೆ ಉಳಿಗೆ ಬಗ್ಗುವ ಮೆದುಕಲ್ಲು. ಕುರುವತ್ತಿಯ ಬಾಗಿಲ ಬಳಿಯ ಮದನಿಕೆಯರ ಬೆರಳುಗಳನ್ನೂ ಎಣಿಸಬಹುದು. ಇಲ್ಲಿಯವನಿಗೆ ಸಿಕ್ಕಿದ್ದು ಹಿಂದಿನ ಗುಡ್ಡದ ಗಟ್ಟಿ ಕಲ್ಲು. ಉಳಿ ಹೆಚ್ಚು ಮಾತಾಡಲು ಅದು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಬಳ್ಳಿ ಹೂಗಳಿಗಿಂತ ನೇರ ಗೆರೆಗಳ, ಹಂತ ಹಂತದ ಚೆಲುವು. ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಇಟ್ಟು ಭಾರದಿಂದಲೇ ನಿಲ್ಲಿಸಿದ ಕಟ್ಟಡ. ನನಗೇನೋ ಈ ಬಿಗುವೇ ಹೆಚ್ಚು ಮೆಚ್ಚು.

ನಿಜವಾದ ಸಂಪತ್ತಿರುವುದು ಶಾಸನಗಳಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಲಯೊನೆಲ್ ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಕುರುಗೋಡಿನ ಶಾಸನಗಳನ್ನು ಓದಿ ಪ್ರಕಟಿಸಿದರು. ಆಮೇಲೆ 1939ರಲ್ಲಿ, ಮದ್ರಾಸು ಸಂಸ್ಥಾನದ ಕನ್ನಡ ಶಾಸನಗಳ ದೊಡ್ಡ ಸಂಪುಟವೊಂದು ಹೊರಬಂದಿತು. ಬಳ್ಳಾರಿ ಜಿಲ್ಲೆಯ ನೂರಾರು ಶಾಸನಗಳು ಅದರಲ್ಲಿ ಒಂದೆಡೆ ಸೇರಿದವು. ಅದರ ಸಂಪಾದಕರು ಆರ್. ಶಾಮಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣ ರಾಯರು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಲೋಕಕ್ಕೆ ತೋರಿದ ಶಾಮಶಾಸ್ತ್ರಿಗಳೇ ಇವರು. ಮಗಧದ ಮಂತ್ರಿಯ ಗ್ರಂಥವನ್ನು ಓದಿದ ಕಣ್ಣುಗಳು ನಮ್ಮ ಜಿಲ್ಲೆಯ ಗಾಣಿಗನ ದತ್ತಿಯನ್ನೂ ಓದಿದವು.

ಗಾಣಿಗನ ದತ್ತಿ ಎಂದೆ. ಇಂಥ ಶಾಸನವನ್ನು ಓದುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೊದಲಿಗೆ ದೇವರ ಸ್ತುತಿ. ಶೈವ ಶಾಸನವಾದರೆ ಬಹುಮಟ್ಟಿಗೆ ಬಾಣನ ಹರ್ಷಚರಿತದ ಮೊದಲ ಶ್ಲೋಕ. ಆಮೇಲೆ ಚಕ್ರವರ್ತಿಯ ಬಿರುದು, ಮಂಡಲೇಶ್ವರನ ವಂಶ, ಊರಿನ ವರ್ಣನೆ. ಊರಿನ ವರ್ಣನೆಯಲ್ಲಿ ಕೆರೆ, ತೋಟ, ಗಿಳಿ, ಕೋಗಿಲೆ ಬಂದೇ ಬರಬೇಕು. ಇವೆಲ್ಲ ಪಂಡಿತನ ಕೆಲಸ. ಅರ್ಧ ಸತ್ಯ, ಅರ್ಧ ಅಲಂಕಾರ. ಇಲ್ಲಿಯವರೆಗೆ ಓದಿ ಬೇಸರಪಟ್ಟು ಬಿಟ್ಟುಬಿಡುವವರು ತಿರುಳನ್ನು ಕಳೆದುಕೊಳ್ಳುತ್ತಾರೆ. ಶಕವರ್ಷ, ಸಂವತ್ಸರ, ತಿಥಿ, ವಾರಗಳಾದ ಮೇಲೆ ಭಾಷೆ ಥಟ್ಟನೆ ನೆಲಕ್ಕಿಳಿಯುತ್ತದೆ. ದೇವರ ಅಂಗಭೋಗ ರಂಗಭೋಗಕ್ಕೆ, ಗುಡಿಯ ಒಡಕು ಬಿರುಕುಗಳ ದುರಸ್ತಿಗೆ, ತಪಸ್ವಿಗಳ ಊಟಕ್ಕೆ ಇಷ್ಟು ಮತ್ತರು ಕೆಯ್, ಇಷ್ಟು ಕಮ್ಮ ತೋಟ. ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ. ಸಂತೆಗೆ ಬಂದ ಹೇರಿನ ಮೇಲೆ ಇಷ್ಟು, ಎಲೆಯ ಹೊರೆಯ ಮೇಲೆ ಇಷ್ಟು. ಗದ್ಯಾಣ, ಪಣ, ಹಾಗ, ವೀಸ ಎಂಬ ನಾಣ್ಯಗಳ ಲೆಕ್ಕ. ಹೊಲದ ಎಲ್ಲೆ ಹೇಳುವಾಗ ಹಳ್ಳ, ಹುಣಿಸೆಮರ, ಹೆದ್ದಾರಿ, ನೆಟ್ಟ ಕಲ್ಲು. ಪಂಪ ರನ್ನರು ಹೇಳದ ಕನ್ನಡ ಇದು. ಬಿರುದುಗಳು ಮರೆತುಹೋಗಲಿ, ಈ ಲೆಕ್ಕಗಳು ಮರೆಯಬಾರದು. ಎಂಟು ಶತಮಾನದ ಹಿಂದೆ ನಮ್ಮ ಸೀಮೆಯ ಜನ ಏನು ಬೆಳೆದರು, ಏನು ಮಾರಿದರು, ತಮ್ಮ ದುಡಿಮೆಯಲ್ಲಿ ಎಷ್ಟನ್ನು ಎತ್ತಿಟ್ಟರು ಎಂಬುದಕ್ಕೆ ಬೇರೆ ಪುಸ್ತಕವಿಲ್ಲ.

ಕಡೆಯಲ್ಲಿ ಶಾಪ. ಈ ದತ್ತಿಯನ್ನು ಅಳಿದವನು ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಬಗೆಯ ಮಾತು. ಶಾಪ ಬರೆದವರು ಕಳ್ಳನಿಗೆ ಹೆದರಿ ಬರೆದರು. ಆದರೆ ದತ್ತಿಗಳನ್ನು ಅಳಿಸಿದ್ದು ಒಬ್ಬ ಕಳ್ಳನಲ್ಲ, ಕಾಲ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ ಉತ್ತರಕ್ಕೆ ನುಗ್ಗಿದಾಗ ಅವನು ಹಿಡಿದ ಕೋಟೆಗಳ ಪಟ್ಟಿಯಲ್ಲಿ ಯರಂಬರಗೆ, ಗುತ್ತಿ, ಹಾನಗಲ್ಲುಗಳ ಜತೆಗೆ ಕುರುಗೋಡೂ ಬರುತ್ತದೆ. ಹೊಯ್ಸಳರು ಹೆಮ್ಮೆಯಿಂದ ಹೇಳಿಕೊಂಡರೆಂದರೆ ಕುರುಗೋಡು ಆಗ ಸುಲಭದ ತುತ್ತಾಗಿರಲಿಲ್ಲ. ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಸೇವುಣರು ಮರಳಿ ಬಂದರು. ಕಂಪಿಲರಾಯ ತಲೆಯೆತ್ತಿ 1327ರಲ್ಲಿ ದಿಲ್ಲಿಯ ಸೈನ್ಯದೆದುರು ಬಿದ್ದ. 1336ರಲ್ಲಿ ವಿಜಯನಗರ ಎದ್ದಿತು. ಒಂದು ದಿನದ ದಾರಿಯಲ್ಲಿ ಅಂಥ ನಗರ ನಿಂತ ಮೇಲೆ ಕುರುಗೋಡು ಯಾರ ರಾಜಧಾನಿಯಾಗಿ ಉಳಿದೀತು? ವಿಜಯನಗರವೂ 1565ರಲ್ಲಿ ಹಾಳಾಯಿತು. ಪಾಳೆಯಗಾರರು, ಹೈದರಾಲಿ, ನಿಜಾಮ ಎಲ್ಲರೂ ಆಳಿದ ಮೇಲೆ 1800ರಲ್ಲಿ ಈ ಸೀಮೆ ದತ್ತ ಮಂಡಲವೆಂಬ ಹೆಸರಿನಿಂದ ಕಂಪನಿಯ ಕೈಸೇರಿತು; ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಹೊಲ ಹೊಲವನ್ನೂ ಅಳೆಯಿಸಿದ. ಸಿಂದರ ಮತ್ತರು, ಕಮ್ಮಗಳು ಎಕರೆಯಲ್ಲಿ ಕರಗಿದವು. ಎಣ್ಣೆ ಕೊಡಬೇಕಾದ ಗಾಣಿಗನ ವಂಶ ಎಲ್ಲಿ ಹೋಯಿತೋ. ಗುಡಿಯ ದೀಪಕ್ಕೆ ಎಣ್ಣೆ ಬರುವುದು ನಿಂತರೆ, ಶಾಪವಾಕ್ಯ ಎಷ್ಟು ದೀರ್ಘವಾಗಿದ್ದರೂ ದೀಪ ಉರಿಯುವುದಿಲ್ಲ.

ಹೊರದೇಶದ ಒಂದು ನಿದರ್ಶನ ಇಲ್ಲಿ ನೆನಪಿಗೆ ಬರುತ್ತದೆ. ಜರ್ಮನಿಯ ಫ್ರಾಂಕೋನಿಯಾ ಎಂಬ ಸೀಮೆಯಲ್ಲಿ, ಮೈನ್ ನದಿಯ ಕಣಿವೆಯ ಮೇಲಿನ ಗುಡ್ಡದಲ್ಲಿ ಫೀರ್ಟ್ಸೇನ್‌ಹೈಲಿಗೆನ್ ಎಂಬ ಯಾತ್ರಾಸ್ಥಳವಿದೆ. ಹದಿನಾಲ್ಕು ಸಂತರು ಎಂದು ಆ ಹೆಸರಿನ ಅರ್ಥ. 1445ರಲ್ಲಿ ಅಲ್ಲಿಯ ಲಾಂಗ್‌ಹೈಮ್ ಎಂಬ ಮಠದ ಕುರಿ ಕಾಯುವ ಹುಡುಗನೊಬ್ಬನಿಗೆ ಹೊಲದಲ್ಲಿ ಅಳುವ ಮಗುವೊಂದು ಕಾಣಿಸಿ ಮಾಯವಾಯಿತಂತೆ. ಮತ್ತೆ ಕಂಡಾಗ ಆ ಮಗುವಿನ ಸುತ್ತ ಹದಿನಾಲ್ಕು ಮಕ್ಕಳಿದ್ದರಂತೆ. ಜನ ಬರತೊಡಗಿದರು. ಮುನ್ನೂರು ವರ್ಷಗಳ ನಂತರ, 1743ರಲ್ಲಿ, ಬಾಲ್ತಾಸರ್ ನೊಯ್‌ಮನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ನಕ್ಷೆಯಂತೆ ಅಲ್ಲಿ ದೊಡ್ಡ ದೇವಾಲಯಕ್ಕೆ ಕೆಲಸ ತೊಡಗಿತು. ಕೆಲಸ ನೋಡಿಕೊಳ್ಳುತ್ತಿದ್ದವನು ನಕ್ಷೆಯನ್ನು ಬದಲಿಸಿ ಕಟ್ಟಿದ್ದರಿಂದ, ಕುರುಬನಿಗೆ ದರ್ಶನವಾದ ಜಾಗ ಅಂದುಕೊಂಡ ಕಡೆ ಬೀಳದೆ ನಡುವಣ ಅ��ಕಣದಲ್ಲಿ ಬಿತ್ತು. ಜಾಗವನ್ನು ಸರಿಸುವಂತಿಲ್ಲ. ನೊಯ್‌ಮನ್ ಕಟ್ಟಡವನ್ನೇ ಆ ಜಾಗದ ಸುತ್ತ ಹೊಸದಾಗಿ ಯೋಚಿಸಿದ. ಅದೇ ಅದರ ಸೊಗಸಾಯಿತು. ಕೆಲಸ ಮುಗಿದದ್ದು 1772ರಲ್ಲಿ. ಮೂವತ್ತೊಂದು ವರ್ಷಗಳ ನಂತರ, 1803ರಲ್ಲಿ, ಸರ್ಕಾರ ಮಠಗಳನ್ನೆಲ್ಲ ವಶಪಡಿಸಿಕೊಂಡಿತು. ಲಾಂಗ್‌ಹೈಮ್ ಮಠ ಮುಚ್ಚಿಹೋಯಿತು, ಅದರ ಹೊಲ ಮನೆ ಹಂಚಿಹೋದವು. ಯಾತ್ರಿಕರು ಮಾತ್ರ ಇಂದಿಗೂ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕುರುಬನ ಜಾಗ ಉಳಿಯಿತು, ಒಡೆಯನ ಮಠ ಹೋಯಿತು. ಕುರುಗೋಡಿನ ಬಸವನ ಸುತ್ತ ಗುಡಿ ಎದ್ದ ಬಗೆಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಗುಡಿಯ ಸ್ಥಾವರವನ್ನೂ ನಡೆಯುವ ಜಂಗಮವನ್ನೂ ತೂಗಿ ಬಸವಣ್ಣನವರು ಹೇಳಿದ ವಚನ ನಿಮಗೆಲ್ಲ ಬಾಯಿಪಾಠವಾಗಿದೆ. ನಾನು ಮತ್ತೆ ಹೇಳಬೇಕಾಗಿಲ್ಲ. ಹಳೆಯ ಕುರುಗೋಡಿನ ಗುಡಿಗಳೂ ಆ ವಚನವೂ ಒಂದೇ ಶತಮಾನದವು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಬಸವ ಉಳಿದದ್ದಕ್ಕೆ ಭಕ್ತಿಯೊಂದೇ ಕಾರಣವೆಂದರೆ ಪೂರ್ತಿ ಉತ್ತರವಾಗದು. ಈ ಸೀಮೆಯ ಬದುಕೇ ಎತ್ತಿನ ಬೆನ್ನ ಮೇಲೆ ನಿಂತದ್ದು. ಕಪ್ಪು ಎರೆಯನ್ನು ಹರಗುವ ದೊಡ್ಡ ಕುಂಟೆಗೆ, ಮಡಕೆಗೆ ಎರಡು ಜೊತೆ, ಮೂರು ಜೊತೆ ಎತ್ತು ಬೇಕಾಗುತ್ತಿತ್ತು. ತುಂಗಭದ್ರೆಯ ಅಣೆಕಟ್ಟಿನಿಂದ 1953ರ ನಂತರ ಕಾಲುವೆ ಹರಿದು ಬತ್ತ, ಮೆಣಸಿನಕಾಯಿಗಳು ಬಂದದ್ದು ಈಚಿನ ಮಾತು. ಅದಕ್ಕೆ ಮೊದಲು ಜೋಳ, ಹತ್ತಿ, ಬರ. ಬರ ಬಂದಾಗ ಮನೆಯಲ್ಲಿ ಮೊದಲು ಮಾರುವುದು ಎತ್ತು, ಮೊದಲು ಸಾಯುವುದೂ ಎತ್ತು. ಅಂಥ ನಾಡಿನಲ್ಲಿ ಸಾಯದ, ಮಾರದ, 12 ಅಡಿ ಎತ್ತರದ ಎತ್ತೊಂದು ಗುಡಿಯೊಳಗೆ ಕುಳಿತಿದೆ ಎಂಬ ನಂಬಿಕೆ ಒಕ್ಕಲಿನವನಿಗೆ ಏನಾಗಿತ್ತೆಂದು ಊಹಿಸಿಕೊಳ್ಳಿ.

ಇನ್ನೂ ಹಿಂದಕ್ಕೆ ಹೋದರೂ ಈ ನೆಲದಲ್ಲಿ ಕಾಣುವುದು ಹೋರಿಯೇ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಸುಬ್ಬರಾಯರೂ, ಸಿರುಗುಪ್ಪದ ಹಾದಿಯಲ್ಲಿರುವ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರೂ ಉತ್ಖನನ ನಡೆಸಿ ನವಶಿಲಾಯುಗದ ಜನರ ನೆಲೆಗಳನ್ನು ಹೊರತೆಗೆದರು. ಗುಡ್ಡಗಳ ಮೇಲೆ ವಾಸಿಸಿ ದನ ಸಾಕಿದ ಜನ ಅವರು. ಕುಡತಿನಿಯ ಬಳಿಯ ಬೂದಿದಿಬ್ಬವನ್ನು ನೀವು ಕಂಡಿರಬಹುದು. ರಾಕ್ಷಸನನ್ನು ಸುಟ್ಟ ಬೂದಿ ಎಂದು ಹಿಂದಿನವರು ಹೇಳುತ್ತಿದ್ದರು. ಅದು ದನದ ಸಗಣಿ ಸುಟ್ಟು ಕರಗಿದ ರಾಶಿ ಎಂಬುದು ಈಗ ಖಚಿತವಾಗಿದೆ. ಅದೇ ಜನ ಕಪ್ಪಗಲ್ಲಿನ ಗುಡ್ಡದ ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಚಿತ್ರ ಬರೆದರು: ನೀಳವಾದ ಕೊಂಬು, ಎತ್ತರದ ಹಿಣಿಲು, ಒಂದರ ಹಿಂದೆ ಒಂದು ಹೋರಿ. ಆ ಹೋರಿಗೂ ಕುರುಗೋಡಿನ ಬಸವನಿಗೂ ನೇರವಾದ ಸಂಬಂಧ ಕಟ್ಟುವುದು ಸರಿಯಲ್ಲ; ನಡುವೆ ಮೂರು ಸಾವಿರ ವರ್ಷಗಳಿವೆ. ಆದರೂ ಇಲ್ಲಿಯ ಮನುಷ್ಯ ಕಲ್ಲಿನ ಮೇಲೆ ಕೈಯಿಟ್ಟಾಗಲೆಲ್ಲ ಮೊದಲು ಮೂಡಿದ್ದು ಯಾವ ರೂಪವೆಂದು ಕೇಳಿದರೆ ಉತ್ತರ ಒಂದೇ.

ಕಲ್ಲಿನ ಮೇಲೆ ಅಕ್ಷರ ಬರೆಯುವುದೂ ಈ ಸೀಮೆಗೆ ಸಿಂದರಿಂದ ಬಂದದ್ದಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕನ ಶಾಸನಗಳು ದೊರೆತವು. ದೇಶದ ಬಹುಪಾಲು ಶಾಸನಗಳಲ್ಲಿ ಅವನು ಬರಿಯ ದೇವಾನಾಂಪ್ರಿಯ. ಇಲ್ಲಿ ಮಸ್ಕಿಯಲ್ಲಿ ಇರುವಂತೆ ಅವನ ಹೆಸರೇ ಬಂದಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಆ ಬಂಡೆಗಳು ದನಕಾಯುವವರ ನಡುವೆಯೇ ಇದ್ದವು, ಓದುವವರು ಬರುವವರೆಗೆ.

ಓದುವವರು ಬರುವ ತನಕ ಕಲ್ಲು ಕಾಯಬಲ್ಲದು. ಆದರೆ ಮನುಷ್ಯ ಅದನ್ನು ಕಾಯಗೊಡಬೇಕು. ನನ್ನ ಚಿಂತೆ ಇದೇ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಜಲ್ಲಿಗಾಗಿ, ಕಲ್ಲಿಗಾಗಿ ಸಿಡಿಮದ್ದು ಹಾಕಿ ಹಳೆಯ ಚಿತ್ರಗಳ ಬಂಡೆಗಳನ್ನು ಒಡೆದದ್ದು ನಮ್ಮ ಕಾಲದಲ್ಲೇ. ನಿಧಿಯ ಆಸೆಯಿಂದ ಲಿಂಗದ ಪಾಣಿಪೀಠ ಕೀಳುವವರು, ನಂದಿಯ ಬೆನ್ನು ಒಡೆಯುವವರು ಈ ಭಾಗದ ಪಾಳುಗುಡಿಗಳಿಗೆ ಹೊಸಬರಲ್ಲ. 1961ರ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ ಇದೆ. ಕಾಯಿದೆಗೆ ರಾತ್ರಿ ಕಣ್ಣು ಕಾಣದು. ಕಳ್ಳರದು ಒಂದು ಬಗೆಯಾದರೆ ಭಕ್ತರದು ಇನ್ನೊಂದು ಬಗೆ. ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಗುಡಿಯ ಶಾಸನದ ಕಲ್ಲಿಗೆ ಹಬ್ಬಕ್ಕೆಂದು ದಪ್ಪಗೆ ಎಣ್ಣೆಬಣ್ಣ ಬಳಿದಿದ್ದರು. ಮೇಲೆ ಕುಂಕುಮ, ಭಂಡಾರ. ‘ದೇವರ ಕಲ್ಲು ಮೇಷ್ಟ್ರೇ, ಚೆಂದ ಕಾಣಲಿ ಅಂತ’ ಎಂದರು ಅಲ್ಲಿಯ ಹಿರಿಯರು. ಅವರಿಗೆ ಸಿಟ್ಟಿನಿಂದ ಉತ್ತರ ಹೇಳುವುದು ಹೇಗೆ? ಆ ಕಲ್ಲಿನಲ್ಲಿ ಅವರ ಊರಿನ ಕೆರೆ ಕಟ್ಟಿಸಿದವನ ಹೆಸರಿತ್ತು. ಓದಿ ಹೇಳಿದ್ದರೆ ಅವರೇ ಕಾಯುತ್ತಿದ್ದರು. ಓದಿ ಹೇಳಬೇಕಾದವರು ನಾವು, ಊರಿನ ಶಾಲೆಗಳವರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿಂದವಾಡಿಯ ಕನ್ನಡ ಶಾಸನಗಳು ಗಡಿಯ ಎರಡು ಮಗ್ಗುಲಲ್ಲೂ ಉಳಿದಿವೆ. ನಾವು ಕನ್ನಡವೆಂದು ಆಗ ವಾದ ಹೂಡಿದಾಗ ಹಿಡಿದು ತೋರಿಸಿದ್ದು ಇಂಥ ಕಲ್ಲುಗಳನ್ನೇ. ವಾದ ಗೆದ್ದ ಮೇಲೆ ಸಾಕ್ಷಿಯನ್ನು ಮರೆಯುವುದು ನ್ಯಾಯವೆ?

ಆದ್ದರಿಂದ ಮುಂದಿನ ಜಾತ್ರೆಗೆ ಹೋದಾಗ ಒಂದು ಕೆಲಸ ಮಾಡಿ. ತೇರು ಎಳೆದ ದಿನವೇ ಓಡಿಬರಬೇಡಿ. ರಾತ್ರಿ ಊರಲ್ಲೇ ಉಳಿಯಿರಿ. ಬೆಳಗ್ಗೆ ಬಿಸಿಲು ಏರುವ ಮುನ್ನ ಮಕ್ಕಳನ್ನು ಕರೆದುಕೊಂಡು ಹಳೆಯ ಕುರುಗೋಡಿನ ಗುಡಿಗಳ ಕಡೆ ನಡೆಯಿರಿ. ಶಾಸನ ಓದಲು ಮಧ್ಯಾಹ್ನದ ಬೆಳಕು ಪ್ರಯೋಜನವಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಹಳ್ಳಗಳಲ್ಲಿ ನೆರಳು ನಿಂತು ಸಾಲುಗಳು ತಾವಾಗಿ ಎದ್ದು ಕಾಣುತ್ತವೆ. ಕಲ್ಲನ್ನು ಕೆರೆಯಬೇಡಿ, ಸೀಮೆಸುಣ್ಣ ತಿಕ್ಕಬೇಡಿ. ಇಂದಿನ ಕನ್ನಡ ಬಲ್ಲವರಿಗೆ ಮೊದಲ ನೋಟಕ್ಕೆ ಗ, ಮ, ನ, ಲ ಎಂಬ ಅಕ್ಷರಗಳು ಸಿಕ್ಕುತ್ತವೆ; ತಲೆಕಟ್ಟು ಸ್ವಲ್ಪ ಬೇರೆ, ಮೈ ಅದೇ. ಈಗ ನಾವು ಬಿಟ್ಟುಬಿಟ್ಟಿರುವ ಱ ಎಂಬ ಅಕ್ಷರವನ್ನು ಮಕ್ಕಳಿಗೆ ಹುಡುಕಲು ಹೇಳಿ. ಸಿಕ್ಕಿದವರಿಗೆ ಜಾತ್ರೆಯ ಬೆಂಡು ಬತ್ತಾಸು ಕೊಡಿ. ಇಂಥ ಶೈವ ಶಾಸನಗಳ ನೆತ್ತಿಯಲ್ಲಿ, ಅಕ್ಷರಗಳು ತೊಡಗುವುದಕ್ಕೆ ಮೊದಲು, ಸಾಮಾನ್ಯವಾಗಿ ಒಂದು ಸಣ್ಣ ಚಿತ್ರಪಟ್ಟಿಕೆ ಇರುತ್ತದೆ: ನಡುವೆ ಲಿಂಗ, ಪೂಜೆ ಮಾಡುವ ಯತಿ, ಮೇಲೆ ಸೂರ್ಯಚಂದ್ರರು, ಒಂದು ಕಡೆ ಕರುವಿಗೆ ಹಾಲೂಡುವ ಹಸು. ಇನ್ನೊಂದು ಕಡೆ, ಮಗುವಿನ ಅಂಗೈಯಷ್ಟೇ ಅಗಲದಲ್ಲಿ, ಕಾಲು ಮಡಿಸಿ ಕುಳಿತ ಒಬ್ಬ ಬಸವ.